ಮಿರೊನ್‌ನ ಸೀಟಿನ ಕೆಳಗೆ

ಎಷ್ಟು ಚಿಕ್ಕ ಕಿವಿ ಈ ಹುಡುಗಿಯದು, ಪೊಲೀಸ್ ಟೋಪಿಯ ಭಾರವೆಲ್ಲ ಅದರ ಮೇಲೇ ಕೂತಿದೆ — ಊದಿ ಅಮ್ಮಾ, ಇನ್ನೂ ಊದಿ, ನಿಲ್ಲಿಸಬೇಡಿ ಅನ್ನುತ್ತಿದ್ದಾಳೆ ಆ ಪೊಲೀಸ್ ಹುಡುಗಿ ಪೆಲ್ಟಿಯೆ, ದಾರ್ಕಾ ರಸ್ತೆಯಂಚಿನಲ್ಲಿ ನಿಂತು ಊದಿದಳು, ಕುಡಿತ ಅಳೆಯುವ ಯಂತ್ರ ಫೇಲ್ ಅಂದಿತು, ಅನ್ನದೆ ಏನು, ಇವತ್ತು ಚರ್ಚಿನ ಹಾಲ್‌ನಲ್ಲಿ ಗಂಡ ಮಿರೊನ್ ಸತ್ತ ನಲವತ್ತನೇ ದಿನದ ಊಟ, ಆಲೂಗಡ್ಡೆ ಕಡುಬು, ಎಲೆಕೋಸಿನ ಸುರುಳಿ, ಅವನ ಹೆಸರು ಹೇಳಿ ಹೇಳಿ ಎಲ್ಲರೂ ಸುರಿದ ವಿಸ್ಕಿ, ಬೇಡವೆಂದರೆ ಸತ್ತವನಿಗೆ ಅವಮಾನ, ಕೊನೆಗೆ ವಾರಗಿತ್ತಿ ನಾಡ್ಯಾ ಬಾ ನಾನು ಮನೆಗೆ ಬಿಡ್ತೀನಿ ಅಂದಳು, ಅವಳ ಕಾರಿನಲ್ಲಿ ಕೂರುವುದುಂಟೇ, ದಾರ್ಕಾ ಮಿರೊನ್‌ನ ಟ್ರಕ್ಕನ್ನೇ ಹತ್ತಿದಳು, ಸೀಟು ಇನ್ನೂ ಅವನ ಕಾಲಿನ ಅಳತೆಗಿದೆ, ಬ್ರೇಕು ಸಿಗಬೇಕಾದರೆ ಮುಂದಕ್ಕೆ ಜಾರಬೇಕು, ಸಸ್ಕಟೂನ್ ಪೇಟೆಗೆ ಹೋಗುವ ರಸ್ತೆಯೋ ಬಿಟ್ಟ ಬಾಣದ ಹಾಗೆ ನೇರ, ಅದರಲ್ಲೂ ಸೊಟ್ಟಗೆ ಓಡಿಸಿದಳಂತೆ, ಈ ಮಟಮಟ ಮಧ್ಯಾಹ್ನ.

ಟ್ರಕ್ಕನ್ನು ಎಳೆದುಕೊಂಡು ಹೋಗುವವರು ಬರುವ ಮೊದಲು ಒಳಗೆ ನೋಡಬೇಕು ಅಂದಳು ಪೆಲ್ಟಿಯೆ, ನೋಡಮ್ಮ, ಏನಿದೆ ಅಲ್ಲಿ, ಸ್ಪ್ಯಾನರು, ಹಳೇ ಕೈಗವಸು — ಸೀಟಿನ ಕೆಳಗಿಂದ ಒಂದು ಬಟ್ಟೆಯ ಗಂಟು ಬಂತು, ಕೆಂಪು ಹುಂಜದ ಕಸೂತಿ, ಅಯ್ಯೋ, ಅದು ಈಸ್ಟರ್ ಹಬ್ಬಕ್ಕೆ ಚರ್ಚಿಗೆ ಒಯ್ಯುವ ಬುಟ್ಟಿಯ ಮೇಲೆ ಹೊದಿಸುವ ಬಟ್ಟೆ, ಅಮ್ಮ ಹಾಕಿದ ಕಸೂತಿ, ನಾಡ್ಯಾ ಕದ್ದಳೆಂದು ಹನ್ನೊಂದು ವರ್ಷ ಮಾತು ಬಿಟ್ಟದ್ದು ಇದಕ್ಕೇ, ಇಲ್ಲಿ ಹೇಗೆ ಬಂತು, ಹುಡುಗಿ ಬಟ್ಟೆ ಬಿಚ್ಚಿದಳು, ರಿವಾಲ್ವರ್, ಅವಳ ಮುಖ ಒಮ್ಮೆಲೇ ದೊಡ್ಡವಳದಾಯಿತು, ಅದನ್ನು ತನ್ನ ಕಾರಿನ ಹಿಂದೆ ಒಯ್ದು ಏನೋ ತಿರುಗಿಸಿ ಖಾಲಿ ಮಾಡಿ ಬಂದಳು, ಲೈಸೆನ್ಸ್ ಇದೆಯಾ, ಯಾರದು ಇದು. ಯಾರದು? ಕೋಳಿ ಕೊಯ್ಯುವ ದಿನ ಕೊಡಲಿಯನ್ನು ಹೆಂಡತಿಯ ಕೈಗಿತ್ತು ಗೇಟು ರಿಪೇರಿಗೆ ಹೋಗುವವನು, ಬೋನಿಗೆ ಬಿದ್ದ ಇಲಿಯನ್ನು ಹೊಲದಾಚೆ ಬಿಟ್ಟು ಬರುವವನು, ಅವನಿಗೆ ಪಿಸ್ತೂಲೇ, ಎಲ್ಲಿ ಸಿಕ್ಕಿತು, ಯಾರಿಗೆ ಹೆದರಿದ, ಕರಡಿಗೇ, ಕರಡಿಗೆ ಇಷ್ಟು ಚಿಕ್ಕದು ಸಾಕೇ — ದಾರ್ಕಾಗೆ ಭಯವೇ ಆಗಲಿಲ್ಲ, ಮದುವೆಗೆ ಮುಂಚೆ ಕಿಟಕಿಯ ಪರದೆ ಸರಿಸಿ ಅವನನ್ನು ಕದ್ದು ನೋಡಿದ ದಿನದಂತೆ ಮೈಯೆಲ್ಲ ಕುತೂಹಲ, ಆದರೆ ಹಾಲ್‌ನಲ್ಲಿ ಇನ್ನೂ ತಟ್ಟೆ ತೊಳೆಯುತ್ತಿರುವ ಹೆಂಗಸರ ಬಾಯಿಗೆ ಅವನು ಬೀಳಬಾರದು, ನನ್ನದೇ ಅಂದುಬಿಟ್ಟಳು.

ಯೋಚನೆ ಮಾಡಿ ಹೇಳಿ ಅಮ್ಮಾ, ಕುಡಿದು ಓಡಿಸಿದ್ದು ಒಂದು ಕೇಸು, ಇದು ಜೈಲಿನ ಕೇಸು, ನಿಮ್ಮದೇ ಆದ್ರೆ ಒಳಗೆ ಎಷ್ಟು ಗುಂಡು ಹಾಕಿಟ್ಟಿದ್ರಿ. ತುಂಬ ಹಾಕಿದ್ದೆ ಅಂದಳು ದಾರ್ಕಾ. ಹುಡುಗಿ ಅಂಗೈ ಬಿಚ್ಚಿದಳು, ಒಂದು. ಒಂದೇ ಇರೋದು, ಬೇರೆಯವರಿಗೆ ಹೆದರೋರು ಒಂದೇ ಇಟ್ಕೊಳ್ಳಲ್ಲ — ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ನನ್ನ ಗಂಡನದು, ಬರ್ಕೋ, ಅಂದಳು ದಾರ್ಕಾ, ಹುಡುಗಿ ಬರೆದುಕೊಂಡಳು, ಮೆಲ್ಲಗೆ ತೋಳು ಹಿಡಿದು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು.

ಬಟ್ಟೆ ಕಳೆದದ್ದು ಯಾವಾಗ, ಮೈದುನ ತೀರಿಕೊಂಡ ಆ ಚಳಿಗಾಲ, ನಾಡ್ಯಾಳ ಗಂಡ, ಮಿರೊನ್ ಟ್ರಾಕ್ಟರನ್ನು ಹಿಂದಕ್ಕೆ ತೆಗೆಯುತ್ತಿದ್ದ, ತಮ್ಮನು ಹಿಂದೆ ನಿಂತದ್ದು ಕಾಣಲಿಲ್ಲ, ನಿನ್ನ ತಪ್ಪಲ್ಲ ಎಂದು ಎಲ್ಲರೂ ಹೇಳಿದರು, ಅವನೂ ಹೌದೆಂದು ತಲೆಯಾಡಿಸಿದ, ಆಮೇಲೆ ಒಂದು ಸಂಜೆ ಊಟಕ್ಕೆ ಬರಲಿಲ್ಲ, ಶೆಡ್ಡಿನಲ್ಲಿ ಟ್ರಕ್ಕಿನೊಳಗೆ ಕೂತಿದ್ದಾನೆ, ಎಂಜಿನ್ ಇಲ್ಲ, ದೀಪವಿಲ್ಲ, ದಾರ್ಕಾ ಬೀಟ್‌ರೂಟಿನ ಸಾರು ಹಿಡಿದು ಹಿಮ ತುಳಿದು ಹೋಗಿ ಮೊಣಕೈಯಿಂದ ಗಾಜು ಬಡಿದಳು, ಏನು ಮಾಡ್ತಿದೀಯೋ, ಸಾರು ಆರುತ್ತೆ, ನನ್ನ ಕೈ ಸುಡ್ತಿದೆ ಎಂದು ಬೈದಳು ಕೂಡ, ಎಷ್ಟೋ ಹೊತ್ತು ಅವನು ಅಲುಗಲಿಲ್ಲ, ಮಡಿಲಲ್ಲಿ ಏನೋ ಕೆಂಪಗೆ, ಕತ್ತಲು, ಸರಿಯಾಗಿ ಕಾಣಲಿಲ್ಲ, ಆಮೇಲೆ ಗಾಜು ಇಳಿಯಿತು, ಮೆಲ್ಲಗೆ, ಒಂದು ಕೈ ಹೊರಗೆ ಬಂದು ಬಟ್ಟಲು ತೆಗೆದುಕೊಂಡಿತು — ಗಾಜು ಇಳಿಯುತ್ತದೆ, ಕೈ ಬರುತ್ತದೆ, ಬಟ್ಟಲನ್ನು ಹಿಡಿಯುತ್ತದೆ, ಗಾಜು ಇಳಿಯುತ್ತದೆ, ಕೈ