ಒಂದೇ ದಿನದ ಎರಡು ಕರೆ

ಪರದೆಯ ತಳದಲ್ಲಿ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಓಡುತ್ತಿತ್ತು. ಬಲತುದಿ ಮುಟ್ಟಿದರೆ ನಾವು ಬರೆದ ಪ್ರೋಗ್ರಾಮ್ ಪರೀಕ್ಷೆಯಲ್ಲಿ ಪಾಸಾಯಿತೆಂದು ಅರ್ಥ. ನಡುವೆ ಎಲ್ಲಾದರೂ ತಪ್ಪು ಸಿಕ್ಕಿತೋ, ಅಲ್ಲೇ ಕೆಂಪಾಗಿ ನಿಂತುಬಿಡುತ್ತಿತ್ತು. ಆ ಗೆರೆ ಬಲತುದಿ ಮುಟ್ಟಲಿ ಎಂದು ಬಯಸಿದಷ್ಟು ನಾನು ಬೇರೆ ಯಾವುದನ್ನೂ ಬಯಸಿದ ನೆನಪಿಲ್ಲ. ಈಗ ಹಸಿರು ಗೆರೆ ಎಲ್ಲಿ ಕಂಡರೂ, ಯಾರದೋ ಸೀರೆಯ ಅಂಚಿನಲ್ಲಿ ಕಂಡರೂ, ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ.

ನಮ್ಮ ಪ್ರೋಗ್ರಾಮಿನ ಹೆಸರು ‘ಪಾಳಿ’. ನಮ್ಮ ಕಡೆ ಸರದಿಗೆ ಪಾಳಿ ಎನ್ನುತ್ತಾರೆ. ಸತ್ತವರು ದಾನ ಕೊಟ್ಟ ಕಣ್ಣಿಗಾಗಿ ಕಾಯುತ್ತಿರುವವರ ಪಟ್ಟಿಯನ್ನು ಅದು ನೋಡಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಕಣ್ಣು ಬಂದ ಕೂಡಲೇ ಯಾರನ್ನು ಕರೆಯಬೇಕೆಂದು ಹೇಳುತ್ತಿತ್ತು. ಕರೆದಾಗ ಯಾರಿಗಾದರೂ ಜ್ವರ ಬಂದಿದ್ದು ‘ಈ ಸಲ ಆಗೂದಿಲ್ಲ’ ಎಂದರೆ, ಅವರ ಹೆಸರನ್ನು ಆ ದಿನದ ಮಟ್ಟಿಗೆ ಪಕ್ಕಕ್ಕಿಟ್ಟು ಮರುದಿನ ಮೊದಲಿನ ಜಾಗಕ್ಕೇ ತಂದು ಕೂರಿಸುತ್ತಿತ್ತು. ಒಂದು ಹೆಸರು ತಪ್ಪಿತೆಂದರೆ ಒಬ್ಬರು ಕತ್ತಲಲ್ಲೇ ಉಳಿದರು ಎಂದು ಲೆಕ್ಕ.

ಅದನ್ನು ಶುರು ಮಾಡಿದವರು ನೇಮಿರಾಜ ಮಾಸ್ತರರು. ಪಾಲಿಟೆಕ್ನಿಕ್ಕಿನಲ್ಲಿ ನನಗೆ ಪಾಠ ಹೇಳಿದವರು. ಹೆಂಡತಿ ಪದ್ಮಾವತಿ ತೀರಿಕೊಂಡಾಗ ಕಣ್ಣು ದಾನ ಕೊಟ್ಟು ಅವರು ಆಸ್ಪತ್ರೆಯ ಹೊರಗೆ ಕೂತಿದ್ದರಂತೆ. ಒಳಗೆ ನೋಂದಣಿಯ ಫಿಲೋಮಿನಾ ಹರಿದ ನೋಟುಬುಕ್ಕಿನಲ್ಲಿ ಯಾರನ್ನು ಕರೆಯಬೇಕೆಂದು ಹುಡುಕುತ್ತ ಅರ್ಧ ದಿನ ಕಳೆದಳಂತೆ. ಮನೆಗೆ ಬಂದವರೇ ಮಾಸ್ತರರು ಸೂತಕದ ದಿನಗಳಲ್ಲೇ ಪಾಳಿ ಬರೆಯಲು ಕೂತರು. ಬರೆದದ್ದನ್ನು ಜಗತ್ತಿಗೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ಕೇಳದೆ ತೆಗೆದುಕೊಳ್ಳಬಹುದು, ಒಳಗೇನು ಬರೆದಿದೆ ಎಂದು ಓದಬಹುದು, ತಿದ್ದಿ ಕಳಿಸಬಹುದು. ಹೀಗೆ ತಿದ್ದಿ ಕಳಿಸುತ್ತ ಕಳಿಸುತ್ತ ನಾನೂ ಪಾಳಿ ತಿದ್ದುವವರ ಗುಂಪಿಗೆ ಸೇರಿದೆ.

ಆಗ ನನಗೆ ಪ್ರೋಗ್ರಾಮನ್ನು ಪರೀಕ್ಷಿಸುವ ಹೊಸ ಸಾಧನವೊಂದರ ಹುಚ್ಚು ಹಿಡಿದಿತ್ತು. ನಾವು ಅಲ್ಲಿಯವರೆಗೆ ಪರೀಕ್ಷೆ ಎಂದು ಮಾಡುತ್ತಿದ್ದದ್ದು ನಮಗೆ ತೋಚಿದ ನಾಲ್ಕು ಉದಾಹರಣೆ ನೋಡುವುದನ್ನಷ್ಟೇ. ಮೂರು ಹೆಸರಿವೆ, ಒಬ್ಬರಿಗೆ ಕಣ್ಣು ಸಿಕ್ಕಿತು, ಎರಡು ಉಳಿಯಬೇಕು, ಉಳಿದವು, ಸರಿ. ಹೊಸ ಸಾಧನ ಹಾಗಲ್ಲ. ಅದಕ್ಕೆ ಉದಾಹರಣೆ ಕೊಡಬೇಕಿಲ್ಲ, ನಿಯಮ ಹೇಳಿದರೆ ಸಾಕು. ‘ಏನೇ ಆಗಲಿ, ಕಣ್ಣು ಸಿಗದೆ ಅಥವಾ ಡಾಕ್ಟರು ತೆಗೆಯದೆ ಯಾರ ಹೆಸರೂ ಪಟ್ಟಿಯಿಂದ ಮಾಯವಾಗಕೂಡದು’ ಎಂದರೆ, ಅದು ತಾನೇ ಸಾವಿರಾರು ಪಟ್ಟಿಗಳನ್ನು ಹುಟ್ಟಿಸಿ, ಹಿಂದುಮುಂದಾಗಿ ಕರೆದು, ತಡೆದು, ಆ ನಿಯಮ ಎಲ್ಲಿ ಮುರಿಯುತ್ತದೆ ಎಂದು ನೋಡುತ್ತಿತ್ತು. ಮದುವೆಮನೆಗೆ ಬಂದ ಬೀಗರ ಹಾಗೆ, ತಪ್ಪು ಹುಡುಕುವುದೇ ಅದರ ಕಸುಬು. ಸಿಕ್ಕಿದ ತಪ್ಪನ್ನು ಸಿಪ್ಪೆ ಸುಲಿದು ಸುಲಿದು, ಇದಕ್ಕಿಂತ ಚಿಕ್ಕದು ಸಾಧ್ಯವಿಲ್ಲ ಎನ್ನುವಷ್ಟು ಚಿಕ್ಕದು ಮಾಡಿ ಮುಂದೆ ಇಡುತ್ತಿತ್ತು.

ಮಾಸ್ತರರಿಗೆ ಅದು ಒಗ್ಗಲಿಲ್ಲ. "ಆಗಬಾರದ್ದನ್ನೆಲ್ಲ ಹುಟ್ಟಿಸಿಕೊಂಡು ಬರ್ತೈತಿ ಅದು. ಮಂದಿ ಹಂಗ ಬಾಳ್ವೆ ಮಾಡ್ತಾರೇನು?" ಎಂದರು. ನಾನು ಬಿಡಲಿಲ್ಲ. ಐದು ತಿಂಗಳು ಗುಂಪಿನವರಿಗೆಲ್ಲ ಪತ್ರ ಬರೆದೆ, ವಾದ ಮಾಡಿದೆ, ಒಂದಿಬ್ಬರ ಬಾಯಿ ಮುಚ್ಚಿಸಿದೆ. ಕಡೆಗೆ ಮಾಸ್ತರರು ಸೋತು, "ಆತು, ಐತವಾರ ಎಲ್ಲಾರೂ ಸೇರ್ತೀವಲ್ಲ, ನಡೆಸಿ ತೋರಿಸು. ಹಸಿರು ಬಂದ್ರ ಒಪ್ಪಿದೆ," ಎಂದರು. ಮಾತಿನಲ್ಲಿ ಗೆದ್ದ ಹುರುಪಿನಲ್ಲಿ ನಾನು ನೆಲದ ಮೇಲೆ ಇರಲಿಲ್ಲ.

ಶನಿವಾರ ಮಧ್ಯಾಹ್ನ ನಡೆಸಿ ನೋಡಿದೆ. ಗೆರೆ ಮುಕ್ಕಾಲು ದಾರಿಯಲ್ಲಿ ಕೆಂಪಾಗಿ ನಿಂತಿತು. ಸಾಧನ ಸುಲಿದು ತೋರಿಸಿದ ಉದಾಹರಣೆ ಇಷ್ಟೇ: ಪಟ್ಟಿಯಲ್ಲಿ ಒಂದೇ ಹೆಸರು. ಅವರನ್ನು ಕರೆದರು, ಬೇಡವೆಂದರು. ಅದೇ ದಿನ ಮತ್ತೆ ಕರೆದರು, ಮತ್ತೆ ಬೇಡವೆಂದರು. ಪಟ್ಟಿ ಖಾಲಿ.

ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ. ಕಣ್ಣು ಬರುವುದೇ ಅಪರೂಪ, ಬಂದರೆ ಆಸ್ಪತ್ರೆಯಲ್ಲಿ ಹಬ್ಬ. ಅಂಥದ್ದರಲ್ಲಿ ಬೆಳಿಗ್ಗೆ ಬೇಡವೆಂದವರನ್ನು ಅದೇ ದಿನ ಯಾರು ಮತ್ತೆ ಕರೆಯುತ್ತಾರೆ? ಮಾಸ್ತರರು ಬರೆದ ಭಾಗವನ್ನು ಬಿಚ್ಚಿ ತಿದ್ದಬೇಕೆಂದರೆ ಒಂದು ವಾರ ಬೇಕಿತ್ತು, ಸಭೆ ಮರುದಿನವೇ ಇತ್ತು. ಇಂಥ ಹೊತ್ತಿಗೆಂದೇ ಆ ಸಾಧನದಲ್ಲಿ ಒಂದು ಸೌಕರ್ಯವಿದೆ. ‘ಇದು ನಿಜಬದುಕಿನಲ್ಲಿ ಆಗದ ಮಾತು, ಇಂಥದನ್ನು ಬಿಟ್ಟು ಬೇರೆ ನೋಡು’ ಎಂದು ಒಂದು ಸಾಲು ಬರೆದರೆ ಅದು ಮರುಮಾತಿಲ್ಲದೆ ಬಿಟ್ಟುಬಿಡುತ್ತದೆ. ಒಂದೇ ದಿನ ಒಬ್ಬರನ್ನೇ ಎರಡು ಸಲ ಕರೆಯುವುದಿಲ್ಲ ಎಂದು ನಾನು ಆ ಸಾಲು ಬರೆದೆ. ಹಸಿರು ಗೆರೆ ಸರಸರ ಓಡಿ ಬಲತುದಿ ಮುಟ್ಟಿತು.

ಸಭೆಯಲ್ಲಿ ಮಾಸ್ತರರು ಕನ್ನಡಕ ಏರಿಸಿ ಕೇಳಿದರು, "ಒಂದೂ ಕೆಂಪು ಬರ್ಲಿಲ್ಲೇನು?"

"ಒಂದ್ ಬಂದಿತ್ರಿ. ಆಗದ ಮಾತು, ತಗದೆ."

"ನೀ ನೋಡೀಯಲ್ಲ, ಸಾಕು ಬಿಡು."

ನಾನು ಬರೆದ ಸಾಲು ಎಲ್ಲರೂ ಓದಬಹುದಾದ ಜಾಗದಲ್ಲೇ ಇತ್ತು. ಮುಚ್ಚುಮರೆ ಇಲ್ಲದ ಕೆಲಸ ಎಂದು ನಾವು ಹೆಮ್ಮೆಪಡುತ್ತಿದ್ದೆವು. ಒಬ್ಬರೂ ಓದಲಿಲ್ಲ.

ಆ ವಾರವೇ ಹೊಸ ಪಾಳಿಯನ್ನು ನಮ್ಮೂರ ಕಣ್ಣಿನ ಆಸ್ಪತ್ರೆಯಲ್ಲಿ ಹಾಕಿಕೊಡಲು ಹೋದೆ. ಫಿಲೋಮಿನಾಳ ಮೇಜಿನ ಎದುರು ಒಬ್ಬ ಹೆಂಗಸು ಕೂತಿದ್ದಳು. ಗುರುಸಿದ್ದವ್ವ, ಕೌದಿ ಹೊಲಿಯುವವಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ ಎಂದು ಫಿಲೋಮಿನಾ ಹೇಳಿದಳು. ಒಂದು ಕಣ್ಣು ಹುಡುಗಿಯಿದ್ದಾಗಲೇ ಹೋಗಿತ್ತು. ಇನ್ನೊಂದರ ಮೇಲೆ ಹುಣ್ಣಾಗಿ ಬಿಳಿ ಪೊರೆ ಕೂತಿತ್ತು. ಬೆಳಕು ಯಾವ ಕಡೆಯಿಂದ ಬರುತ್ತದೆ ಎನ್ನುವುದಷ್ಟೇ ಅವಳಿಗೆ ಗೊತ್ತಾಗುತ್ತಿತ್ತು.

"ನನ್ನ ಪಾಳಿ ಎಲ್ಲಿಗೆ ಬಂತ್ರಿ ಬಾಯಾರ?" ಎಂದು ಕೇಳಿದಳು.

ಫಿಲೋಮಿನಾ ಪರದೆ ನೋಡಿ, "ಮೂರನೇದು ಐತ್ ನೋಡವ್ವಾ," ಎಂದಳು.

ಗುರುಸಿದ್ದವ್ವ ನನ್ನ ಬಳೆಯ ಸದ್ದು ಹಿಡಿದು ನನ್ನತ್ತ ತಿರುಗಿದಳು. "ಒಂದ ಕಣ್ಣು ಸಾಕ್ ಯವ್ವಾ ನನಗ. ಸೂಜಿ ನಾನ ಪೋಣಿಸ್ಕೊಂಡ್ರ ಆತು, ಯಾರ ಹಂಗೂ ಬ್ಯಾಡ." ಅವಳ ಮಾತಿನಲ್ಲಿ ಗೋಳು ಇರಲಿಲ್ಲ. ಮೂರನೆಯ ನಂಬರು ಕೇಳಿ ಆಗಲೇ ಅರ್ಧ ಕಣ್ಣು ಬಂದವಳ ಹಾಗೆ ಕೋಲೂರಿಕೊಂಡು ಹೊರಟಳು.

ಅದಾಗಿ ಎರಡು ವರ್ಷಕ್ಕೆ ಹತ್ತಿರ ಬಂದಿತ್ತು. ಸಾಧನದ ಬಗ್ಗೆ ನಾನು ಊರೂರಿಗೆ ಹೋಗಿ ಭಾಷಣ ಮಾಡಿ ಬಂದಿದ್ದೆ. ಪ್ರತಿ ಭಾಷಣದ ಕೊನೆಯಲ್ಲೂ ಹಸಿರು ಗೆರೆ ಓಡಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಒಂದು ದಿನ ಸಂಜೆ ನಾನು ಮಾಸ್ತರರ ಮನೆಯಲ್ಲಿದ್ದಾಗ ಫಿಲೋಮಿನಾ ಬಂದಳು. ಕೈಯಲ್ಲಿ ಅವಳ ಡೈರಿ ಇತ್ತು. ಕಂಪ್ಯೂಟರ್ ಬಂದರೂ ಅವಳು ಮಾಡಿದ ಕರೆಗಳನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಬಿಟ್ಟಿರಲಿಲ್ಲ, ಅದಕ್ಕೆ ನಾವು ಅವಳನ್ನು ಚುಡಾಯಿಸುತ್ತಿದ್ದೆವು.

"ಸರ್, ಒಬ್ಬಾಕಿ ಹೆಸರು ಕಂಪ್ಯೂಟರ್‌ನ್ಯಾಗ ಇಲ್ರಿ. ತಿಂಗಳಾ ತಿಂಗಳಾ ಫೋನ್ ಮಾಡ್ತಾಳ, ನಾನೂ ಬರ್ತೈತಿ ತಡೀವ್ವಾ ಅಂತ ಹೇಳ್ಕೋತ ಬಂದೆ. ಮೊನ್ನೆ ಹುಡುಕಿದ್ರ ಎಲ್ಲೂ ಇಲ್ಲ. ಕಣ್ಣು ಹಾಕಿಲ್ಲ, ಡಾಕ್ಟ್ರು ತಗದಿಲ್ಲ."

ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಡೈರಿಯ ಹಾಳೆ ತಿರುವಿ ಅವಳು ಬೆರಳಿಟ್ಟ ಕಡೆ, ಒಂದೂವರೆ ವರ್ಷದ ಹಿಂದಿನ ಒಂದೇ ತಾರೀಖಿನ ಕೆಳಗೆ, ಗುರುಸಿದ್ದವ್ವನ ಹೆಸರು ಎರಡು ಸಲ ಇತ್ತು. ಬೆಳಿಗ್ಗೆ ಕರೆದಾಗ ಜ್ವರ ಎಂದಿದ್ದಾಳೆ. ಆ ಕಣ್ಣು ಮುಂದಿನವರಿಗೆ ಹೋಗಿದೆ. ಮಧ್ಯಾಹ್ನ ಪಟ್ಟಿಯಲ್ಲಿದ್ದ ಮತ್ಯಾರೂ ಫೋನಿಗೆ ಸಿಗದೆ ಫಿಲೋಮಿನಾ ತಿರುಗಿ ಅವಳನ್ನೇ ಕರೆದಿದ್ದಾಳೆ. ಜ್ವರ ಇಳಿದಿಲ್ಲ, ಮುಂದಿನ ಸಲ ಖಂಡಿತ ಬರುತ್ತೇನೆ ಎಂದಿದ್ದಾಳೆ. ಎರಡನೆಯ ಸಲ ಪಕ್ಕಕ್ಕಿಡುವಾಗ ಪಾಳಿ, ‘ನಾಳೆ ವಾಪಸ್ಸು ತರಬೇಕು’ ಎಂದು ತಾನೇ ಅಂಟಿಸಿದ್ದ ಮೊದಲಿನ ಚೀಟಿ ಕಿತ್ತು ಹಾಕಿ, ಇವತ್ತಿನದು ಆಗಲೇ ಇದೆಯಲ್ಲ ಎಂದುಕೊಂಡು ಹೊಸದನ್ನು ಅಂಟಿಸಿರಲಿಲ್ಲ; ಮರುದಿನ ಹೆಸರು ಪಟ್ಟಿಗೆ ಮರಳಲೇ ಇಲ್ಲ.

"ಆದ್ರ ಅದೇ ದಿನ ಮತ್ತ ಯಾಕ ಕರದ್ರಿ?" ಎಂದು ಕೇಳಿದೆ. ನನ್ನ ದನಿ ಗದರಿದಂತೆ ಇತ್ತು. ಆ ಗಳಿಗೆಯಲ್ಲೂ ತಪ್ಪು ಅವಳದಾಗಿರಲಿ ಎಂದು ಹುಡುಕುತ್ತಿದ್ದೆ.

ಫಿಲೋಮಿನಾ ನನ್ನನ್ನು ಪಿಳಿಪಿಳಿ ನೋಡಿದಳು. "ಇನ್ನೊಂದ್ ಕಣ್ಣು ಇತ್ತಲ್ರಿ."

ಮಾಸ್ತರರು ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು. ನಾನು ಕಂಪ್ಯೂಟರ್ ತೆರೆದು ಅವರಿಗೆ ನನ್ನ ಸಾಲು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ಓದಿದರು. ಒಂದೇ ಸಾಲು ಅದು.

"ಒಬ್ಬರು ಹ್ವಾದ್ರ ಎರಡು ಕಣ್ಣು ಬರ್ತಾವಲ್ಲವಾ," ಎಂದರು. "ಪದ್ಮಾವತೀದು ಎರಡೂ ನಾನ ಕೊಟ್ಟು ಬಂದಿದ್ದೆ. ಒಂದ ದಿನ. ನಾನರ ಓದಬೇಕಿತ್ತು."

ಕಣ್ಣಿಗಾಗಿ ಕಾಯುವವರ ಪಟ್ಟಿ ಮಾಡುತ್ತ ವರ್ಷಗಳನ್ನೇ ಕಳೆದ ನಾವು, ಮನುಷ್ಯನಿಗೆ ಎರಡು ಕಣ್ಣಿರುತ್ತವೆ ಎಂಬುದನ್ನು ಮರೆತಿದ್ದೆವು. ನಮ್ಮ ಮುಂದಿದ್ದದ್ದು ಹೆಸರುಗಳು, ತಾರೀಖುಗಳು, ಕರೆಗಳು. ಅದನ್ನು ನೆನಪಿಸಲು ಬಂದ ಸಾಧನಕ್ಕೆ ಸುಮ್ಮನಿರು ಎಂದಿದ್ದೆ.

ನನ್ನ ಸಾಲು ಅಳಿಸಿದೆ. ಗೆರೆ ಮುಕ್ಕಾಲು ದಾರಿಯಲ್ಲಿ, ಅದೇ ಜಾಗದಲ್ಲಿ, ಕೆಂಪಾಗಿ ನಿಂತಿತು. ಅದೇ ಒಂದು ಹೆಸರು, ಎರಡು ಕರೆ, ಖಾಲಿ ಪಟ್ಟಿ. ಮಾಸ್ತರರೂ ನಾನೂ ಸೇರಿ ನಾಲ್ಕು ದಿನದಲ್ಲಿ ತಿದ್ದಿದೆವು. ತಿದ್ದಿದ್ದನ್ನು ಹೊರಗೆ ಬಿಟ್ಟು, ‘ಪಾಳಿ ಬಳಸುವವರೆಲ್ಲ ದಯವಿಟ್ಟು ಹಳೆಯ ಪಟ್ಟಿಗಳನ್ನು ಪರಿಶೀಲಿಸಿ’ ಎಂದು ಬರೆದೆವು. ಯಾರಿಗೆ ಬರೆದೆವು ಎಂದು ನಮಗೇ ಗೊತ್ತಿರಲಿಲ್ಲ. ಕೇಳದೆ ತೆಗೆದುಕೊಳ್ಳಿ ಎಂದು ಬಿಟ್ಟುಕೊಟ್ಟದ್ದನ್ನು ಯಾವ ಯಾವ ಊರಿನ ಆಸ್ಪತ್ರೆಗಳು ತೆಗೆದುಕೊಂಡಿದ್ದವೋ! ಗೊತ್ತಿದ್ದ ಹನ್ನೊಂದು ಕಡೆಗೆ ಫೋನ್ ಮಾಡಿದೆವು. ಮಿಕ್ಕ ಕಡೆ ನಮ್ಮ ಹಳೆಯ ಪಾಳಿ ತನ್ನ ಪಾಡಿಗೆ ಓಡುತ್ತಿರುತ್ತದೆ, ಅದರ ಮುಂದೆ ಯಾರೋ ಒಬ್ಬ ಫಿಲೋಮಿನಾ ಬರ್ತೈತಿ ತಡೀರಿ ಎನ್ನುತ್ತಿರುತ್ತಾಳೆ. ಅವಳನ್ನು ಮುಟ್ಟುವ ದಾರಿ ನಮಗೆ ಇರಲಿಲ್ಲ, ಈಗಲೂ ಇಲ್ಲ.

ಗುರುಸಿದ್ದವ್ವನ ಹೆಸರನ್ನು ನಾನೇ ಕೂತು ವಾಪಸ್ಸು ಸೇರಿಸಿದೆ. ಅವಳ ನೋಂದಣಿಯ ತಾರೀಖು ಹಾಕಿದ ಕೂಡಲೇ ಹೆಸರು ಎಲ್ಲರನ್ನೂ ದಾಟಿ ಮೇಲಕ್ಕೆ ಹೋಗಿ ಒಂದನೆಯ ನಂಬರಿನಲ್ಲಿ ನಿಂತಿತು. ಹದಿನೇಳು ದಿನಕ್ಕೆ ಕಣ್ಣು ಬಂತು. ಫಿಲೋಮಿನಾ ಮೊದಲು ಅವಳಿಗೆ ಫೋನ್ ಮಾಡಿದಳು, ಆಮೇಲೆ ನನಗೆ. ನಾನು ಹೋಗುವಷ್ಟರಲ್ಲಿ ಗುರುಸಿದ್ದವ್ವ ಹೊಸ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಡಾಕ್ಟರ ಕೋಣೆಯೊಳಗೆ ಹೋಗಿಯಾಗಿತ್ತು.

ಡಾಕ್ಟರು ಒಳ್ಳೆಯವರು, ಯಾವುದನ್ನೂ ಮುಚ್ಚಿಡಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ಏರಿ ಹಿಂದಿನ ನರ ಒಣಗಿದೆ, ಇನ್ನು ಕಣ್ಣಿನ ಮೇಲಿನ ಪಾರದರ್ಶಕ ಪೊರೆ ಬದಲಾಯಿಸಿ ಉಪಯೋಗವಿಲ್ಲ ಎಂದು ಅವಳಿಗೇ ಹೇಳಿದರು. "ಒಂದ್ ವರ್ಷ ಮೊದ್ಲ ಬಂದಿದ್ರ..." ಎಂದು ಶುರು ಮಾಡಿ, ಅವಳ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಹೆಸರು ತೆಗೆಯುವ ಚೀಟಿಗೆ ಸಹಿ ಹಾಕಿ ಫಿಲೋಮಿನಾಳ ಕೈಗೆ ಕೊಟ್ಟರು. ಫಿಲೋಮಿನಾ ಅಳುತ್ತಿದ್ದಳು, ಕಂಪ್ಯೂಟರಿನ ಗುಂಡಿಗಳು ಅವಳಿಗೆ ಕಾಣಿಸುತ್ತಿರಲಿಲ್ಲ. ನಾನೇ ಒತ್ತಿದೆ. ಡಾಕ್ಟರು ತೆಗೆದರೆ ಹೆಸರು ಹೋಗಬಹುದು. ನಿಯಮ ಎಲ್ಲಿಯೂ ಮುರಿಯಲಿಲ್ಲ. ಎರಡನೆಯ ನಂಬರಿನವರು ಒಂದನೆಯ ನಂಬರಿಗೆ ಬಂದರು.

ಗುರುಸಿದ್ದವ್ವ ಹೊರಗೆ ಸಾಲು ಕುರ್ಚಿಗಳಲ್ಲಿ ಒಂದರ ಮೇಲೆ ಕೂತಿದ್ದಳು. ನಾನು ಎದುರು ಹೋಗಿ ನಿಂತೆ. ಹೇಳದೆ ಹೊರಟುಹೋಗಬಹುದಿತ್ತು. ಅವಳಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ. ಆದರೂ ಬಾಯಿ ಬಿಟ್ಟೆ. ಪಟ್ಟಿ ನೋಡಿಕೊಳ್ಳುವ ಕಂಪ್ಯೂಟರಿನ ಕೆಲಸ ನಮ್ಮದೆಂದು, ನಿನ್ನ ಹೆಸರು ಅದರಿಂದ ಬಿದ್ದುಹೋಗಿತ್ತೆಂದು, ಅದಕ್ಕೇ ಆ ಜ್ವರದ ದಿನದ ಮೇಲೆ ಕರೆ ಬರಲಿಲ್ಲವೆಂದು ಹೇಳಿದೆ.

"ಹೋಗ್ಲಿ ಬಿಡ್ ಯವ್ವಾ," ಎಂದಳು ಅವಳು. "ಮಿಶಿನ್ನಿಗೇನ್ ತಿಳೀತೈತಿ."

ಅಲ್ಲಿಗೆ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಇಲ್ಲ ಬೇ, ಮಿಶಿನ್ನಿಗೆ ತಿಳಿದಿತ್ತು. ಹೆಸರು ಹಿಂಗ ಬೀಳ್ತೈತಿ ಅಂತ ಮೊದ್ಲ ಹೇಳಿತ್ತು. ಹಂಗೆಲ್ಲ ಆಗೂದಿಲ್ಲ ಅಂತ ನಾನ ಅದನ್ನ ಸುಮ್ನಿರಿಸಿದೆ."

ಗುರುಸಿದ್ದವ್ವನ ಹುಬ್ಬುಗಳು ಕೂಡಿಕೊಂಡವು. ಅವಳಿಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು.

"ಹೇಳಿತ್ತಂದ್ರ ಮತ್ತ ಯಾಕ್ ಸುಮ್ನಿರಿಸಿದಿ?"

ಐತವಾರದ ಸಭೆಗಾಗಿ ಎಂದು ಹೇಳಬೇಕಿತ್ತು. ಗೆದ್ದೆನೆಂದು ತೋರಿಸಿಕೊಳ್ಳಲು ಎಂದು ಹೇಳಬೇಕಿತ್ತು. ಅವಳು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಮುಖ ಎತ್ತಿ, ನನ್ನ ಉತ್ತರಕ್ಕಾಗಿ ಕಾದಳು. ನಾನು ನಿಂತಿದ್ದ ಕಡೆಗಲ್ಲ, ನನ್ನ ಎಡಕ್ಕಿದ್ದ ಖಾಲಿ ಕುರ್ಚಿಯ ಕಡೆಗೆ ನೋಡುತ್ತ ಕಾದಳು.