ಕಟ್ಟಿದ ಕಂದಾಯ ಎಲ್ಲಿ ಹೋಯಿತು?

ಬೇಕರಿಯ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದವನು ತನ್ನ ಹೆಸರು ಹೇಳಲಿಲ್ಲ.

ಒಲೆಯಿಂದ ಬ್ರೆಡ್ಡಿನ ತಟ್ಟೆ ಹೊರಗೆಳೆಯುತ್ತಿದ್ದ ಬೇಕರಿಯಕ್ಕ ಸದ್ದು ಕೇಳಿ ಬಾಗಿಲಿಗೆ ಬಂದಳು. ಅವನು ಕಿಟಕಿಯ ಕೆಳಗೆ ಮಂಡಿಯೂರಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಉದ್ದನೆಯ ಗೆರೆ ಎಳೆಯುತ್ತಿದ್ದ.

"ಯಾರಪ್ಪಾ ನೀನು? ನಮ್ಮ ಗೋಡೆ ಯಾಕೆ ಅಳೀತಿದ್ದೀಯ?"

"ನಿಮ್ಮ ಗೋಡೇನಾ? ಇನ್ನೆಷ್ಟು ದಿನ ಅಮ್ಮಾ?" ಎಂದವನೇ ಟೇಪನ್ನು ಸರ್ರನೆ ಸುತ್ತಿ ಜೇಬಿಗಿಳಿಸಿ, ಬೈಕು ಹತ್ತಿ ಹೊರಟೇಬಿಟ್ಟ.

ಹಿಂದಿನ ದಿನವಷ್ಟೇ ತೆರಿಗೆ ಕಚೇರಿಯ ಜವಾನ ಬಾಗಿಲಿಗೆ ಒಂದು ನೋಟಿಸು ಅಂಟಿಸಿ ಹೋಗಿದ್ದ. ಮನೆ ಕಂದಾಯ ಹಲವು ವರ್ಷಗಳಿಂದ ಬಾಕಿ ಇದೆ, ಗಡುವಿನೊಳಗೆ ಕಟ್ಟದಿದ್ದರೆ ಆಸ್ತಿಯನ್ನು ಹರಾಜು ಹಾಕಲಾಗುವುದು ಎಂಬುದು ಅದರ ಸಾರ. ಓದಿದ ಗಂಡ ನಕ್ಕುಬಿಟ್ಟಿದ್ದ.

"ತಲೆ ಕೆಟ್ಟಿದೆ ಅವರಿಗೆ! ನಾನೂ ಅಣ್ಣನೂ ಒಂದು ವರ್ಷಾನೂ ತಪ್ಪಿಸಿಲ್ಲ. ಒಂದು ವರ್ಷ ಅವನು, ಒಂದು ವರ್ಷ ನಾನು. ಅಮ್ಮ ಹೇಳಿದ್ದು ಹಾಗೆ, ನಡೀತಿರೋದೂ ಹಾಗೆ."

ಅದು ಸುಳ್ಳಲ್ಲ. ಅತ್ತೆ ಬದುಕಿದ್ದಾಗಲೇ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಪಡಸಾಲೆಯ ನಟ್ಟನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಚೆ ಬದಿಯಲ್ಲಿ ನೀರಿನ ಪಂಪುಗಳನ್ನು ರಿಪೇರಿ ಮಾಡುವ ಭಾವ. ಈಚೆ ಬದಿಯಲ್ಲಿ ಬೇಕರಿ. ಮನೆ ಎರಡಾದರೂ ಕಂದಾಯವನ್ನು ಮಾತ್ರ ಸರದಿಯ ಮೇಲೆ ಕಟ್ಟಬೇಕು, ಅದೊಂದಾದರೂ ಒಟ್ಟಿಗಿರಲಿ ಎಂದು ಆ ತಾಯಿ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಅವರು ತೀರಿಕೊಂಡ ಮೇಲೂ ಮಕ್ಕಳು ಆ ಮಾತು ಮೀರಿರಲಿಲ್ಲ.

ಹಾಗಿದ್ದ ಮೇಲೆ ಈ ಗೆರೆ ಯಾಕೆ?

ಮಧ್ಯಾಹ್ನದ ಹೊತ್ತಿಗೆ ಉತ್ತರ ತಾನಾಗಿಯೇ ನಡೆದು ಬಂತು. ಇಸ್ತ್ರಿ ಮಾಡಿದ ಅಂಗಿಯ ಸೈಟು ದಲ್ಲಾಳಿಯೊಬ್ಬ ಬನ್ನು ಕೊಳ್ಳುವ ನೆಪದಲ್ಲಿ ಒಳಗೆ ಬಂದು, ಹಿಟ್ಟಿನ ಮೂಟೆಯ ಮೇಲೆ ತನ್ನದೇ ಮನೆಯೆಂಬಂತೆ ಕುಳಿತ.

"ಕಚೇರಿ ಹಲಗೆ ಮೇಲೆ ಹರಾಜಿನ ಪಟ್ಟಿ ಹಾಕಿದ್ದಾರೆ. ನಿಮ್ಮ ಮನೆ ಇದೆ. ನಿಮ್ಮಣ್ಣಂದು ಇಲ್ಲ ನೋಡಿ, ಅದೇ ಆಶ್ಚರ್ಯ!" ಎಂದು ಗಂಡನಿಗೆ ಹೇಳುತ್ತ ಬನ್ನು ಮುರಿದ. "ಬಾಕಿ ಬೆಟ್ಟದಷ್ಟಿದೆ. ನೀವೊಂದು ಸಹಿ ಹಾಕಿಕೊಡಿ, ಎಲ್ಲಾ ನಾನು ನೋಡ್ಕೋತೀನಿ. ಮನೆ ಹೋದರೂ ಕೈಗೆ ನಾಲ್ಕು ಕಾಸಾದರೂ ಬರುತ್ತೆ. ನಾಳೆ ಸಂಜೆ ಪತ್ರ ತರ್ತೀನಿ."

ಅವನು ಹೋದ ಮೇಲೆ ಗಂಡ ಹಿಟ್ಟು ನಾದುವುದನ್ನೇ ನಿಲ್ಲಿಸಿದ. ಗೋಡೆಯಾಚೆ ಭಾವನ ಸುತ್ತಿಗೆಯ ಸದ್ದು ಎಂದಿನಂತೆಯೇ ಕೇಳಿಬರುತ್ತಿತ್ತು. ಅಂದು ಮಾತ್ರ ಒಂದೊಂದು ಏಟೂ ತಮ್ಮ ಬುಡಕ್ಕೇ ಬೀಳುತ್ತಿದೆಯೆನಿಸಿ ಬೇಕರಿಯಕ್ಕ ಬೆಚ್ಚಿದಳು.

"ಅಣ್ಣ ಒಳಗೊಳಗೇ ಏನೋ ಮಾಡಿದ್ದಾನೆ," ಎಂದ ಗಂಡ. ದನಿ ಅವನದೆನಿಸಲಿಲ್ಲ.

"ಹೋಗಿ ಕೇಳೋಣ ಬನ್ನಿ."

"ಕೇಳಿದ್ರೆ ಕೊಲೆ ಆಗುತ್ತೆ. ಸುಮ್ನಿರು."

ಆಕೆಗೆ ಆಗ ಭಯವಾದದ್ದು ಮನೆ ಹೋಗುವುದಕ್ಕಷ್ಟೇ ಅಲ್ಲ. ಗಂಡನ ಕೈಯನ್ನು ನೋಡಿದಳು. ಹಿಟ್ಟು ನಾದುವ ಆ ಕೈ ಸುಮ್ಮಸುಮ್ಮನೆ ಮುಷ್ಟಿ ಕಟ್ಟುತ್ತಿತ್ತು.

ಮರುದಿನ ಬೆಳಗ್ಗೆ ಬ್ರೆಡ್ಡು ಒಯ್ಯಲು ಬಂದ ಕಂಡಕ್ಟರಮ್ಮ ಗೆಳತಿಯ ಮುಖ ನೋಡಿದೊಡನೆ ನಿಂತಳು. ಊರಿನ ಬಸ್ಸಿನಲ್ಲಿ ಟಿಕೆಟು ಹರಿಯುವ ಈಕೆ ಹಿಂದಿನ ವರ್ಷ ಸೈಟು ಕೊಳ್ಳುವಾಗ ತೆರಿಗೆ ಕಚೇರಿಗೆ ಅಲೆದು, ದಾಖಲೆ ನೋಡುವುದನ್ನು ಕಲಿತಿದ್ದಳು.

"ಏನೇ ಇದು, ಮೂರು ದಿನದ ಬನ್ನಿನ ಥರ ಒಣಗಿದ್ದೀಯ?"

ಬೇಕರಿಯಕ್ಕ ಪಿಸುಗುಟ್ಟುತ್ತ ಎಲ್ಲವನ್ನೂ ಹೇಳಿದಳು.

"ರಸೀದಿ ಇದೆಯಾ?"

"ಡಬ್ಬದ ತುಂಬ ಇದೆ."

"ಓದಿದ್ದೀರಾ?"

"ದುಡ್ಡು ಕಟ್ಟಿದ್ದು ನಾವೇ ಅಲ್ವಾ, ಅದರಲ್ಲಿ ಓದೋಕೇನಿದೆ?"

"ಬಸ್ಸಲ್ಲಿ ಟಿಕೆಟ್ ತಗೊಂಡೋರೆಲ್ಲ ತಮ್ಮೂರಿಗೇ ತಗೊಂಡಿರ್ತಾರಾ? ದುಡ್ಡು ಕೊಟ್ಟಿರ್ತಾರೆ, ಊರು ತಪ್ಪಿರುತ್ತೆ. ನಡಿ, ಕಚೇರಿಗೆ ಹೋಗೋಣ. ನಮ್ಮ ಮನೆ ಲೆಕ್ಕ ತೋರಿಸಿ ಅಂತ ಕೇಳೋದು ತಪ್ಪಲ್ಲ."

ಒಳಗಿನಿಂದ ಗಂಡ ಗುಡುಗಿದ. "ಎಲ್ಲೂ ಹೋಗೋದು ಬೇಡ! ಕಚೇರಿಯವರ ಕಣ್ಣಿಗೆ ಬಿದ್ರೆ ಇಲ್ಲದ ಬಾಕಿನೂ ಹುಟ್ಟುತ್ತೆ."

"ಇರೋ ಬಾಕಿಗೇ ಮನೆ ಹೋಗ್ತಿದೆ ಅಣ್ಣಾ, ಇಲ್ಲದ್ದಕ್ಕೆ ಯಾಕೆ ಹೆದರ್ತೀರಾ?" ಎಂದಳು ಕಂಡಕ್ಟರಮ್ಮ.

"ಹೋದೋಳನ್ನ ಅಲ್ಲೇ ಕೂರಿಸ್ಕೊಂಡ್ರೆ?" ಎಂದು ಬೇಕರಿಯಕ್ಕ ಮೆಲ್ಲನೆ ಕೇಳಿದಳು.

"ನಿನ್ನನ್ನ ಯಾರೂ ಹರಾಜು ಹಾಕಲ್ಲ ಬಾರೇ. ಕೊಂಡ್ಕೊಳ್ಳೋರು ಬೇಕಲ್ಲ!"

ನೋಟಿಸನ್ನೂ ರಸೀದಿಯ ಡಬ್ಬವನ್ನೂ ಕಂಕುಳಲ್ಲಿ ಅವುಚಿಕೊಂಡು ಬೇಕರಿಯಕ್ಕ ಗೆಳತಿಯೊಂದಿಗೆ ಬಸ್ಸು ಹತ್ತಿದಳು.

ಕಚೇರಿಯ ಕೋಣೆ ಇಕ್ಕಟ್ಟಾಗಿತ್ತು. ಗಾಜಿನ ಹಿಂದಿನ ಗುಮಾಸ್ತ ಒಂದು ರಸೀದಿಯನ್ನು ತೆಗೆದುಕೊಂಡು, ಮೇಲಿದ್ದ ಆಸ್ತಿ ಸಂಖ್ಯೆಯನ್ನು ಕಂಪ್ಯೂಟರಿಗೆ ಒತ್ತಿದ.

"ಈ ಮನೆಗೆ ಬಾಕಿನೇ ಇಲ್ವಲ್ಲ."

ಬೇಕರಿಯಕ್ಕ ಡಬ್ಬದ ಮುಚ್ಚಳ ಹಾಕತೊಡಗಿದಳು. ಮರುಕ್ಷಣವೇ ಗುಮಾಸ್ತ ನೋಟಿಸನ್ನು ರಸೀದಿಯ ಪಕ್ಕಕ್ಕಿಟ್ಟು ಹುಬ್ಬು ಗಂಟಿಕ್ಕಿದ. "ನೋಟಿಸ್ ಬಂದಿರೋದು ಬೇರೆ ಸಂಖ್ಯೆಗೆ." ಪರದೆಯನ್ನು ಇವರತ್ತ ತಿರುಗಿಸಿದ.

ಪರದೆಯ ಮೇಲೆ ಎರಡು ಮನೆಗಳಿದ್ದವು. ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದನ್ನು ತಿಳಿಸುವ ಚಕ್ಕುಬಂದಿಯನ್ನು ಕಂಡಕ್ಟರಮ್ಮ ಬೆರಳಿಟ್ಟು ಓದಿದಳು. "ನೀವು ದುಡ್ಡು ಕಟ್ಟಿರೋ ಸಂಖ್ಯೆ ಇದು. ಪೂರ್ವಕ್ಕೆ ರಸ್ತೆ. ದಕ್ಷಿಣಕ್ಕೆ ನಡುಗೋಡೆ. ಉತ್ತರಕ್ಕೆ ನೀರಿನ ಟ್ಯಾಂಕು. ನೀರಿನ ಟ್ಯಾಂಕು ಯಾರ ಕಡೆ ಇರೋದು?"

"ಭಾವನ ಕಡೆ," ಎಂದಳು ಬೇಕರಿಯಕ್ಕ.

ಗುಮಾಸ್ತ ವಿವರಿಸಿದ. ಗೋಡೆ ಎದ್ದ ಮೇಲೆ ಮನೆಗಳ ಗಣತಿಗೆ ಬಂದವರು ಎರಡು ಬಾಗಿಲು ಕಂಡು ಒಂದು ಆಸ್ತಿಯನ್ನು ಎರಡಾಗಿ ಬರೆದುಕೊಂಡಿದ್ದರು. ಹಳೆಯ ಸಂಖ್ಯೆ ಭಾವನ ಭಾಗಕ್ಕೆ ಉಳಿಯಿತು. ಬೇಕರಿಗೆ ಹೊಸದು ಬಂತು. ಅಣ್ಣತಮ್ಮಂದಿರಿಬ್ಬರೂ ಹಳೆಯ ರಸೀದಿಯನ್ನೇ ತೋರಿಸಿ, ಸರದಿ ತಪ್ಪದೆ, ಒಂದೇ ಮನೆಗೆ ಕಟ್ಟುತ್ತ ಬಂದಿದ್ದರು. ಬೇಕರಿಯ ಭಾಗಕ್ಕೆ ಯಾರೂ ಒಂದು ಕಾಸೂ ಕಟ್ಟಿರಲಿಲ್ಲ.

"ಒಡೆದ ವರ್ಷ ಕಂದಾಯ ಅರ್ಧಕ್ಕೆ ಇಳಿದಿರ್ಬೇಕಲ್ಲ, ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಸ್ವಾಮೀ," ಎಂದು ಆಕೆ ಅಳುದನಿಯಲ್ಲಿ ಹೇಳಿದಳು. "ಸರ್ಕಾರ ಕಂದಾಯ ಇಳಿಸ್ತು ಅಂತ ನಮ್ಮ ಯಜಮಾನ್ರು ಬೀದಿಗೆಲ್ಲ ಬನ್ನು ಹಂಚಿದ್ರು."

ಗುಮಾಸ್ತನಿಗೆ ನಗು ತಡೆಯುವುದು ಕಷ್ಟವಾಯಿತು. ದಲ್ಲಾಳಿಯ ಮಾತನ್ನೂ ಆಕೆಯಿಂದ ಕೇಳಿಕೊಂಡು ಲೆಕ್ಕ ನೋಡಿದ. "ಬಾಕಿ ನಿಜ. ಆದರೆ ದಲ್ಲಾಳಿ ಹೇಳಿದ ಬೆಟ್ಟ ಅಲ್ಲ, ಇಷ್ಟೇ." ಚೀಟಿಯಲ್ಲಿ ಬರೆದುಕೊಟ್ಟ. "ನಾಳೆವರೆಗೂ ಗಡುವಿದೆ. ಇನ್ನೊಂದು ಮಾತು. ಎರಡೂ ಮನೆ ಇನ್ನೂ ನಿಮ್ಮತ್ತೆ ಹೆಸರಲ್ಲೇ ಇವೆ. ಅದನ್ನೂ ಬದಲಾಯಿಸಿಕೊಳ್ಳಿ."

"ಗೋಡೆ ಅಳೆಯೋಕೆ ಬಂದಿದ್ದೋನು?"

"ನಾವು ಯಾರನ್ನೂ ಕಳಿಸಿಲ್ಲ."

ಮರಳುವ ಬಸ್ಸು ಅಂದು ಇನ್ನಿಲ್ಲದಷ್ಟು ನಿಧಾನವಾಗಿ ಚಲಿಸಿತು. ಗಂಡನಿಗೆ ಹೇಗೆ ಹೇಳುವುದು? ಇಷ್ಟು ವರ್ಷ ನೀವು ನಿಮ್ಮಣ್ಣನ ಮನೆಯ ಕಂದಾಯ ಕಟ್ಟಿದ್ದೀರಿ ಎಂದರೆ ಆ ಮುಷ್ಟಿ ಸುಮ್ಮನಿದ್ದೀತೇ? ಹೇಳದಿದ್ದರೆ ಮನೆ ಉಳಿದೀತೇ?

ಬೇಕರಿಯ ಮುಂದೆ ಅದೇ ಬೈಕು ನಿಂತಿತ್ತು. ಸಂಜೆಗೆ ಬರುತ್ತೇನೆಂದಿದ್ದ ದಲ್ಲಾಳಿ ಹೊತ್ತಿಗೆ ಮುಂಚೆಯೇ ಬಂದಿದ್ದ. ಟೇಪು ಹಿಡಿದಿದ್ದವನು ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗೆ, ಹಿಟ್ಟು ನಾದುವ ಮೇಜಿನ ಮೇಲೆ ಪತ್ರ ಹರಡಿತ್ತು. ಗಂಡನ ಕೈಯಲ್ಲಿ ಪೆನ್ನಿತ್ತು.

"ರೀ! ಪೆನ್ನು ಕೆಳಗಿಡಿ!"

"ತಡ ಮಾಡ್ಬೇಡಿ ತಾಯಿ, ಗಡುವು ಮುಗಿದೋಯ್ತು," ಎಂದ ದಲ್ಲಾಳಿ.

"ಮುಗಿದಿಲ್ಲ. ನಾನು ಕಚೇರಿಯಿಂದಲೇ ಬರ್ತಿದ್ದೀನಿ. ಬಾಕಿ ಎಷ್ಟು ಅಂತ ಬರೆಸ್ಕೊಂಡೂ ಬಂದಿದ್ದೀನಿ." ಅಡ್ಡ ನಿಂತಿದ್ದವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿ, ನಡುಗೋಡೆಯನ್ನು ಅಂಗೈಯಿಂದ ದಬದಬ ಬಡಿದಳು. "ಭಾವಾ! ಒಂದ್ಸಲ ಬನ್ನಿ ಇಲ್ಲಿ!"

ಆಚೆಯ ಸುತ್ತಿಗೆ ನಿಂತಿತು.

ಭಾವ ಬಂದ. ಮೊಣಕೈವರೆಗೂ ಗ್ರೀಸು ಮೆತ್ತಿತ್ತು. ಗಂಡ ಎದ್ದು ನಿಂತ. ಇಬ್ಬರ ನಡುವೆ ಮೇಜಷ್ಟೇ ಇತ್ತು. ಬೇಕರಿಯಕ್ಕ ನೋಟಿಸು, ರಸೀದಿ ಎರಡನ್ನೂ ಅಕ್ಕಪಕ್ಕ ಇಟ್ಟು, ಎಲ್ಲವನ್ನೂ ಹೇಳಿ ಮುಗಿಸಿದಳು.

"ಅಂದ್ರೆ... ಇಷ್ಟು ವರ್ಷ ನಾನು ನಿನ್ನ ಮನೆ ಕಂದಾಯ ಕಟ್ಟಿದೀನಿ," ಎಂದ ಗಂಡ. ಕತ್ತಿನ ನರ ಉಬ್ಬಿತ್ತು.

ಭಾವ ಎರಡು ಕಾಗದಗಳನ್ನೂ ಎತ್ತಿ, ಸಂಖ್ಯೆಗಳನ್ನು ಮತ್ತೆ ಮತ್ತೆ ಹೋಲಿಸಿ ನೋಡಿದ.

"ನೀನೂ ಕಟ್ಟಿದೀಯ, ನಾನೂ ಕಟ್ಟಿದೀನಿ. ನಿನ್ನ ಮನೆಗೆ ಯಾರೂ ಕಟ್ಟಿಲ್ಲ," ಎಂದು ಕೊನೆಗೆ ಹೇಳಿದ. "ಅಮ್ಮನಿಗೆ ಮಾತು ಕೊಟ್ಟಿದ್ದು ಇಬ್ಬರೂ ತಾನೇ? ಬಾಕೀಲಿ ಅರ್ಧ ನನ್ನದು. ನಾಳೆ ಕಚೇರಿ ಬಾಗಿಲು ತೆಗೆಯೋ ಮುಂಚೆ ಅಲ್ಲಿರೋಣ." ಆಮೇಲೆ ದಲ್ಲಾಳಿಯತ್ತ ತಿರುಗಿದ. "ಸ್ವಾಮೀ, ನಿಮ್ಮ ಪತ್ರ ನೀವೇ ಮಡಚ್ಕೋತೀರಾ, ಇಲ್ಲ ಒಲೆಗೆ ಹಾಕ್ಲಾ?"

ಬೈಕಿನ ಸದ್ದು ಬೀದಿಯ ಕೊನೆಗೆ ಕರಗುವವರೆಗೂ ಗಂಡ ತಲೆ ಎತ್ತಲಿಲ್ಲ. "ನಿನ್ನ ಮೇಲೆ ಏನೇನೋ ಅನ್ಕೊಂಡ್ಬಿಟ್ಟಿದ್ದೆ ಅಣ್ಣಾ," ಎಂದ.

"ಗೊತ್ತು ಬಿಡು. ನಿನ್ನ ಮುಖ ಯಾವತ್ತು ಏನು ಮುಚ್ಚಿಟ್ಟಿದೆ?"

ಮರುದಿನ ಬಾಕಿ ತೀರಿತು. ಹೆಸರು ಬದಲಾವಣೆಗೆ ಇಬ್ಬರೂ ಅರ್ಜಿ ಕೊಟ್ಟರು. ಹೊಸ ರಸೀದಿಯ ಸಂಖ್ಯೆಯನ್ನು ಗಂಡ ಎಷ್ಟು ಜೋರಾಗಿ ಓದಿದನೆಂದರೆ ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ರಸೀದಿ ತೆಗೆದು ನೋಡತೊಡಗಿದರು.

ಓದುಗರೇ, ಕಚೇರಿಯ ಹಲಗೆಯ ಮೇಲಿನ ಆ ಪಟ್ಟಿಯಿಂದ ಬೇಕರಿಯ ಮನೆಯನ್ನು ಮಾತ್ರ ಗೆರೆ ಎಳೆದು ತೆಗೆದರು. ಉಳಿದವು ಹಾಗೆಯೇ ಇವೆ. ಆ ಮನೆಗಳ ಒಡೆಯರೂ ನಾವು ಕಟ್ಟಿದ್ದೇವೆ ಎಂದುಕೊಂಡೇ ಈ ಹೊತ್ತು ನೆಮ್ಮದಿಯಿಂದ ಕೆಲಸ ಮಾಡುತ್ತಿರಬಹುದು. ಅವರಲ್ಲಿ ನೀವೂ ಒಬ್ಬರಲ್ಲವೆಂದು ಖಚಿತವಾಗಿ ಹೇಳಬಲ್ಲಿರಾ? ಇಂದೇ ನಿಮ್ಮ ರಸೀದಿ ತೆಗೆಯಿರಿ. ಅದರಲ್ಲಿರುವ ಸಂಖ್ಯೆ ನಿಮ್ಮ ಮನೆಯದೇ, ಚಕ್ಕುಬಂದಿ ನಿಮ್ಮ ಅಂಗಳಕ್ಕೆ ಹೊಂದುತ್ತದೆಯೇ, ಹೆಸರು ತೀರಿಕೊಂಡವರದೇ ಉಳಿದಿದೆಯೇ ಎಂದು ಕಚೇರಿಗೆ ಹೋಗಿ ಕೇಳಿ. ಮನೆ ಪಾಲಾಗಿದ್ದರೆ ಎರಡು ಬಾರಿ ಕೇಳಿ. ನೋಟಿಸು ಬಂದರೆ ಹೆದರಿ ಯಾರದೋ ಪತ್ರಕ್ಕೆ ಸಹಿ ಹಾಕಬೇಡಿ. ಅದರ ಗಡುವು ಓದಿ, ಆ ಗಡುವಿನೊಳಗೆ ಹೋಗಿ. ದಾಖಲೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದು. ನೀವು ನೋಡದಿದ್ದರೆ, ನಿಮ್ಮ ಮನೆಯ ಮೇಲೆ ಕಣ್ಣಿಟ್ಟವರು ನಿಮಗಿಂತ ಮೊದಲು ನೋಡುತ್ತಾರೆ.