ಪ್ರತಿ ಪತ್ರದ ಅಡಿಯಲ್ಲಿ

ಜಯಕುಮಾರ್ ಮೇಷ್ಟ್ರ ಫೋನು ಬಂದಾಗ ಸೌಮ್ಯಶ್ರೀ ಅಜ್ಜಿಯೊಬ್ಬರ ಪಿಂಚಣಿ ಅರ್ಜಿ ತುಂಬುತ್ತಿದ್ದಳು. ನಾಗಮಂಗಲದ ಬಸ್‌ಸ್ಟ್ಯಾಂಡಿನ ಎದುರು ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು ಇಟ್ಟುಕೊಂಡ ಸಣ್ಣ ಅಂಗಡಿ ಅವಳದು. ಫೋನಿನಲ್ಲಿ ಆ ಹೆಸರು ಕೇಳಿದ ಕೂಡಲೇ ಅವಳ ಕೈ ಅಜ್ಜಿಯ ಆಧಾರ್ ನಂಬರಿನ ನಡುವೆಯೇ ನಿಂತುಬಿಟ್ಟಿತು.

ಮೇಷ್ಟ್ರು ಶ್ರೀರಂಗಪಟ್ಟಣದವರು, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಲೋಹದ ವಿಗ್ರಹ ಎರೆಯುವವರು, ಅದನ್ನು ಓದಿ ಬರೆಯುವವರು, ಮ್ಯೂಸಿಯಮ್ಮಿನವರು, ದೇವಸ್ಥಾನ ಸಮಿತಿಯವರು ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಜನರಿದ್ದ 'ಎರಕ ಬಳಗ' ಎಂಬ ಇಮೇಲ್ ಬಳಗವನ್ನು ಅವರೇ ಕಟ್ಟಿ ನಡೆಸುತ್ತಿದ್ದರು. ಬಳಗದ ವಿಳಾಸಕ್ಕೆ ಒಬ್ಬರು ಬರೆದರೆ ಅದು ಎಲ್ಲರ ಪೆಟ್ಟಿಗೆಗೂ ಹೋಗುತ್ತದೆ. ಹೊಸಬರ ಪತ್ರ ಮಾತ್ರ ಮೊದಲು ಮೇಷ್ಟ್ರ ಕಣ್ಣಿಗೆ ಬೀಳಬೇಕು, ಅವರು ಒಪ್ಪಿದರೆ ಮುಂದೆ ಹೋಗಬೇಕು. ಈಗ ಬಳಗವನ್ನು ಹೊಸ ಸರ್ವರಿಗೆ ಸಾಗಿಸುತ್ತಿದ್ದಾರಂತೆ. ತಾನಾಗಿಯೇ ಹೋಗುವ ಸ್ವಾಗತದ ಪತ್ರ, ಬೀಳ್ಕೊಡುವ ಪತ್ರ, ತಿರಸ್ಕಾರದ ಪತ್ರ ಎಲ್ಲವೂ ಇಂಗ್ಲಿಷಿನಲ್ಲಿ ಒಣಒಣ ಅನ್ನಿಸುತ್ತಿವೆ, ಅವನ್ನು ನಮ್ಮ ಭಾಷೆಯಲ್ಲಿ ನಮ್ಮ ಹಾಗೆ ತಿದ್ದಿಕೊಡಬೇಕು ಎಂದರು. ಪಾಂಡವಪುರದ ಬಡಗಿ ಮೌನೇಶ್ ಅವಳ ಹೆಸರು ಹೇಳಿದ್ದನಂತೆ.

"ಯಾರ ಮಗಳಮ್ಮ ನೀನು?" ಎಂದು ಅವರು ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ. ಅವರು ಕೇಳಲಿಲ್ಲ. ಭಾನುವಾರ ಬರುತ್ತೇನೆ ಎಂದಳು.

ಅವಳ ತಂದೆ ನಾಗರಾಜಾಚಾರ್ ಮೂರು ತಲೆಮಾರಿನ ಎರಕದ ಮನೆಯವರು. ಲಾಕ್‌ಡೌನಿನ ವರ್ಷ ಕುಲುಮೆ ತಣ್ಣಗಾಗಿ, ಮಾಡಲು ಕೆಲಸವಿಲ್ಲದೆ ಕೂತಿದ್ದಾಗ ಅವರಿಗೆ ತಮಗೆ ಗೊತ್ತಿದ್ದನ್ನು ಬರೆಸಬೇಕೆನಿಸಿತು. ಮೇಣದ ಬೊಂಬೆಗೆ ಹಚ್ಚುವ ಮೊದಲ ಲೇಪದ ಮಣ್ಣಿನಲ್ಲೇ ವಿಗ್ರಹದ ಮೂಗು, ಬೆರಳ ತುದಿ, ಕಣ್ಣ ರೆಪ್ಪೆ ಎಲ್ಲ ನಿಂತಿರುತ್ತದೆ ಎಂಬುದು ಅವರ ಮಾತು. ಕರಿಘಟ್ಟದ ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ಕಡೆಯ ಗೋಡು ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸುಟ್ಟ ಹೊಟ್ಟಿನ ಬೂದಿಯನ್ನು ಯಾವ ಅಳತೆಯಲ್ಲಿ ಬೆರೆಸಬೇಕು, ನೆರಳಲ್ಲಿ ಎಷ್ಟು ದಿನ ಒಣಗಿಸಬೇಕು ಎಂಬುದನ್ನು ಕಂಡುಕೊಳ್ಳಲು ಅವರಿಗೆ ಹದಿನೆಂಟು ವರ್ಷ ಹಿಡಿದಿತ್ತು. ಅವರು ಹೇಳುತ್ತಾ ಹೋದರು, ಸೌಮ್ಯಶ್ರೀ ಟೈಪು ಮಾಡುತ್ತಾ ಹೋದಳು. ಜೂನಿನಿಂದ ನವೆಂಬರಿನ ತನಕ ಬಳಗಕ್ಕೆ ಆರು ಪತ್ರ ಹೋದವು. ಆರೂ ವಾಪಸು ಬಂದವು. ಪ್ರತಿಸಲವೂ ಅದೇ ಇಂಗ್ಲಿಷ್ ಸಾಲು, ಕೆಳಗೆ ಅವರದೇ ಪತ್ರ ಅಂಟಿಸಿದ್ದು. ಏನು ಬರೆದವ್ರೆ ಎಂದು ಅಪ್ಪ ಕೇಳುತ್ತಿದ್ದರು. ನಿಮ್ಮ ಪತ್ರವನ್ನು ತಿರಸ್ಕರಿಸಲಾಗಿದೆ, ಕಾರಣ ನೀಡಿಲ್ಲ ಎಂದು ಅವಳು ಓದಿ ಹೇಳುತ್ತಿದ್ದಳು. ಆರನೆಯದು ಬಂದ ಮೇಲೆ ಅಪ್ಪ ಕೇಳುವುದನ್ನು ಬಿಟ್ಟರು.

ಮೇಷ್ಟ್ರ ಪುಸ್ತಕ ಬಂದದ್ದು ನಾಲ್ಕು ವರ್ಷದ ಮೇಲೆ. ಅದರ ಮೂರನೇ ಅಧ್ಯಾಯದಲ್ಲಿ ಲೋಕಪಾವನಿಯ ಗೋಡು ಇತ್ತು, ಸುಟ್ಟ ಹೊಟ್ಟು ಇತ್ತು, ಅಳತೆ ಇತ್ತು, ಒಣಗುವ ದಿನಗಳ ಲೆಕ್ಕವೂ ಇತ್ತು. 'ನಾನು ಹಲವು ವರ್ಷ ನದೀತೀರದಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು' ಎಂದು ಬರೆದುಕೊಂಡಿದ್ದರು. ಅಪ್ಪ ಆ ಪುಟ ಓದಿ, ಪುಸ್ತಕ ಮುಚ್ಚಿ, ಕನ್ನಡಕ ಒರೆಸಿಕೊಂಡರು.

"ಬರ್ಕೊಳ್ಲಿ ಬುಡು," ಎಂದರು. ಅಷ್ಟೇ.

ಅಷ್ಟಕ್ಕೇ ನಿಂತಿದ್ದರೆ ಸೌಮ್ಯಶ್ರೀಯೂ ಬಿಟ್ಟುಬಿಡುತ್ತಿದ್ದಳೇನೋ. ಆದರೆ ಕೆ.ಆರ್.ಪೇಟೆ ಕಡೆಯ ಒಂದು ದೇವಸ್ಥಾನದ ಸಮಿತಿಯವರು ವಿಗ್ರಹ ಮಾಡಿಸಲು ಬಂದರು. ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, ಅವರಲ್ಲೊಬ್ಬರು ಅಪ್ಪನನ್ನು ಕೇಳಿದರು: "ಜಯಕುಮಾರ್ ಮೇಷ್ಟ್ರು ಕಂಡಿಡ್ದವ್ರಲ್ಲ ಆಚಾರ್ರೆ, ಆ ಮಣ್ಣಲ್ಲಿ ಮಾಡೋದು ನಿಮಗೆ ಬತ್ತದಾ? ಬರೋದಾದ್ರೆ ಏಳಿ."

ಅಪ್ಪ ತಲೆ ತಗ್ಗಿಸಿಕೊಂಡು ನನಗೆ ಆಗುವುದಿಲ್ಲ ಎಂದುಬಿಟ್ಟರು. ಸಮಿತಿಯವರು ಹೋದ ಮೇಲೆ ಕುಲುಮೆಯ ಮನೆಯ ಬಾಗಿಲು ಎಳೆದುಕೊಂಡವರು ಮತ್ತೆ ತೆಗೆಯಲಿಲ್ಲ. ಬಾಗಿಲ ಸಂದಿನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸೌಮ್ಯಶ್ರೀಯ ಹೊಟ್ಟೆಯಲ್ಲಿ ಅವತ್ತು ಬಿದ್ದ ಕೆಂಡ ಆಮೇಲೆ ಆರಲೇ ಇಲ್ಲ. ಆ ಮೇಷ್ಟ್ರ ತಲೆಯೂ ಹೀಗೇ ನಾಲ್ಕು ಜನರೆದುರು ತಗ್ಗಬೇಕು ಎಂದುಕೊಂಡಳು. ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ. ಆ ದಾರಿಯನ್ನು ಈಗ ಮೇಷ್ಟ್ರೇ ಫೋನು ಮಾಡಿ ತೋರಿಸಿದ್ದರು.

ಭಾನುವಾರ ಶ್ರೀರಂಗಪಟ್ಟಣದ ಅವರ ಮನೆಯಲ್ಲಿ ಸೌಮ್ಯಶ್ರೀಗೆ ಚೌಚೌ ಬಾತಿನ ಉಪಚಾರವಾಯಿತು. ಮೇಷ್ಟ್ರು ಬಳಗದ ಪಾಸ್‌ವರ್ಡನ್ನು ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದುಕೊಟ್ಟರು. ಒಂದೊಂದೇ ಸಿದ್ಧಪತ್ರವನ್ನು ಅವಳು ಓದಿದಳು, ಅವರು ತಿದ್ದಿಸಿದರು. ಸ್ವಾಗತದ ಪತ್ರದಲ್ಲಿ ಸೇರಿದವರ ಹೆಸರು ತಾನಾಗಿ ಕೂರುವ ಜಾಗ ತೋರಿಸಿದಾಗ ಮಗುವಿನಂತೆ ಹಿಗ್ಗಿದರು. ಮನುಷ್ಯ ಕೆಟ್ಟವರಂತೆ ಕಾಣುತ್ತಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಉರಿಸಿತು. ತಿರಸ್ಕಾರದ ಪತ್ರದ ಸರದಿ ಬಂತು.

"ಇಲ್ಲಿ ಕಾರಣ ಬರೆಯೋಕೆ ಜಾಗ ಇದೆ ಸರ್. ಬರೆಯಲೇಬೇಕು ಅನ್ನೋ ಹಾಗೆ ಮಾಡ್ಲಾ?"

"ಬೇಡಮ್ಮ. ಕಂಡಕಂಡವರಿಗೆಲ್ಲ ಕಾರಣ ಬರೀತಾ ಕೂತ್ರೆ ನನಗೆ ಬೇರೆ ಕೆಲಸ ಇರಲ್ವಾ? ಖಾಲಿ ಬಿಡು."

ಅವಳು ಖಾಲಿ ಬಿಟ್ಟಳು. ಕೊನೆಗೆ ಉಳಿದದ್ದು ಅಡಿಬರಹ. ಬಳಗದಲ್ಲಿ ಯಾರೇ ಬರೆಯಲಿ, ಅವರ ಪತ್ರದ ಕೆಳಗೆ ತಾನಾಗಿ ಅಂಟಿಕೊಳ್ಳುವ ನಾಲ್ಕು ಸಾಲು. ಅದಕ್ಕೇನು ಹಾಕಲಿ ಎಂದು ಕೇಳಿದಳು. ಅದನ್ನು ಯಾರು ಓದುತ್ತಾರೆ, ಬಳಗದ ಹೆಸರು ಹಾಕು ಸಾಕು ಎಂದು ಮೇಷ್ಟ್ರು ಎದ್ದರು.

ಮೂರು ತಿಂಗಳು ಅವಳು ಬಳಗದ ಹೆಸರನ್ನೇ ಹಾಕಿಟ್ಟು ಕಾದಳು. ಪುಸ್ತಕದ ಎರಡನೇ ಮುದ್ರಣವಾಯಿತು. ಶ್ರೀರಂಗಪಟ್ಟಣದಲ್ಲಿ ಮೇಷ್ಟ್ರಿಗೆ ಸನ್ಮಾನವೆಂದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಬಳಗಕ್ಕೆ ಆಮಂತ್ರಣ ಕಳಿಸುತ್ತೇನೆ, ಚಿತ್ರ ಅಂಟಿಸುವುದು ಹೇಗೆ ಎಂದು ಕೇಳಲು ಅವರೇ ಫೋನು ಮಾಡಿದರು. ಅವಳು ತಾಳ್ಮೆಯಿಂದ ಹೇಳಿಕೊಟ್ಟಳು. ಫೋನಿಟ್ಟು ಅಡಿಬರಹ ತೆರೆದು ಹೊಸದಾಗಿ ಬರೆದಳು:

'ಶ್ರೀ ಜಯಕುಮಾರ್ ಅವರ ಪುಸ್ತಕದ ಮೂರನೇ ಅಧ್ಯಾಯದಲ್ಲಿರುವ ಮಣ್ಣಿನ ವಿಧಾನವನ್ನು 14 ಜೂನ್ 2020ರಂದು ಈ ಬಳಗಕ್ಕೆ ಬರೆದು ಕಳಿಸಿದವರು ನಾಗಮಂಗಲದ ಎರಕದ ನಾಗರಾಜಾಚಾರ್. ಆ ಪತ್ರವನ್ನು ತಿರಸ್ಕರಿಸಿದವರು ಶ್ರೀ ಜಯಕುಮಾರ್. ತಿರಸ್ಕರಿಸಿದ ಕಾರಣ: ನೀಡಿಲ್ಲ. ಆರೂ ಪತ್ರಗಳು, ತಿರಸ್ಕಾರದ ತಾರೀಖಿನ ಸಮೇತ, ಇಲ್ಲಿವೆ.'

ಕೆಳಗೆ ಆ ಆರೂ ಪತ್ರಗಳನ್ನು ಇಟ್ಟ ಪುಟದ ಕೊಂಡಿ ಹಾಕಿದಳು.

ಸೋಮವಾರ ಹತ್ತು ಗಂಟೆಗೆ ಆಮಂತ್ರಣ ಹೊರಟಿತು. ಮೇಷ್ಟ್ರ ಸಹಿಯ ಕೆಳಗೆ ಆ ಸಾಲುಗಳು ನಾನೂರು ಮನೆಗೆ ಹೋದವು. ಮೊದಲು ಅಭಿನಂದನೆ ಬರೆದ ಮೂವರು ಕೆಳಗೆ ನೋಡಿರಲಿಲ್ಲ. ಅವರ ಅಭಿನಂದನೆಯ ಕೆಳಗೂ ಅದೇ ಅಂಟಿತು. ನಾಲ್ಕನೆಯವರು ಮ್ಯೂಸಿಯಮ್ಮಿನ ಒಬ್ಬ ಅಧಿಕಾರಿ. ಆರು ಪತ್ರಗಳನ್ನೂ ಓದಿದೆ, ಇದಕ್ಕೆ ಏನು ಹೇಳುತ್ತೀರಿ ಎಂದು ಎರಡೇ ಸಾಲಿನಲ್ಲಿ ಕೇಳಿದರು. ಮೇಷ್ಟ್ರು ಇದು ಕಿಡಿಗೇಡಿಗಳ ಕೃತ್ಯ ಎಂದು ಬರೆದರು. ಅದರ ಕೆಳಗೂ ಅಂಟಿತು. ಕಾನೂನು ಕ್ರಮ ಕೈಗೊಳ್ಳುತ್ತೇನೆ ಎಂದರು, ಅದಕ್ಕೂ ಅಂಟಿತು. ದಯವಿಟ್ಟು ಯಾರೂ ಕೆಳಗಿನ ಸಾಲು ಓದಬೇಡಿ ಎಂದು ಅವರು ಬರೆದಾಗ, ಅಲ್ಲಿಯವರೆಗೆ ಓದದೇ ಇದ್ದವರೂ ಓದಿದರು. ಪಾಸ್‌ವರ್ಡು ಅವರ ಹತ್ತಿರವೇ ಇತ್ತು, ಅವಳು ಬದಲಿಸಿರಲಿಲ್ಲ. ಆದರೆ ಯಾವ ಕಡೆ ಹೋಗಿ ಏನು ಅಳಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹದಿನಾಲ್ಕು ಸಲ ಅವಳಿಗೆ ಫೋನು ಮಾಡಿದರು. ಅವಳು ಪರದೆಯ ಮೇಲೆ ಅವರ ಹೆಸರು ಬರುವುದನ್ನೂ ಹೋಗುವುದನ್ನೂ ನೋಡುತ್ತಾ, ಯಾರದೋ ರೇಷನ್ ಕಾರ್ಡಿನ ತಿದ್ದುಪಡಿ ಮಾಡಿದಳು. ಅಷ್ಟು ಹಗುರಾದ ದಿನ ಅವಳ ಬದುಕಿನಲ್ಲಿ ಇನ್ನೊಂದಿರಲಿಲ್ಲ.

ಸನ್ಮಾನ ಮುಂದಕ್ಕೆ ಹೋಯಿತು. ಗುರುವಾರ ಮೇಷ್ಟ್ರು ಮೌನೇಶನನ್ನು ಕರೆದುಕೊಂಡು ಅಂಗಡಿಗೆ ಬಂದರು. ಇಸ್ತ್ರಿಯಿಲ್ಲದ ಅಂಗಿ, ನಾಲ್ಕು ದಿನದ ಗಡ್ಡ. ಮೌನೇಶ್ ಅವಳ ಕಡೆ ನೋಡದೆ ಬಾಗಿಲಲ್ಲೇ ನಿಂತ.

"ನೀನು ಅವರ ಮಗಳು ಅಂತ ನನಗೆ ಹೇಳಬೇಕಿತ್ತು," ಎಂದರು ಮೇಷ್ಟ್ರು.

"ನೀವು ಕೇಳಬೇಕಿತ್ತು ಸರ್."

ಅದನ್ನು ತೆಗೆದುಬಿಡು, ನನಗೆ ಬಿಪಿ ಇದೆ ಎಂದರು. ಅವಳು ಕುರ್ಚಿಯಿಂದ ಎದ್ದು, ಅದನ್ನು ಅವರ ಕಡೆ ತಿರುಗಿಸಿ, ಕಂಪ್ಯೂಟರಿನಲ್ಲಿ ಬಳಗಕ್ಕೆ ಬರೆಯುವ ಪುಟ ತೆರೆದಳು.

"ಕೂತ್ಕೊಳ್ಳಿ. ಆರು ಸಲ ಖಾಲಿ ಬಿಟ್ಟ ಜಾಗ ಇದೆಯಲ್ಲ, ಅದನ್ನ ತುಂಬಿ."

ಅವರು ಕೂತರು. ಅರ್ಜಿಗೆ ಬಂದ ಇಬ್ಬರು ಹೆಂಗಸರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಅವಳು ಅವರನ್ನು ಹೊರಗೆ ಕಳಿಸಲಿಲ್ಲ. ಮೇಷ್ಟ್ರು ಒಂದೇ ಬೆರಳಲ್ಲಿ ಬರೆದರು: 'ಬರೆದವರು ಓದಿದವರಲ್ಲ ಎಂದು ಕಡೆಗಣಿಸಿದೆ. ಬರೆದದ್ದು ನಿಜವೆಂದು ಆಮೇಲೆ ತಿಳಿಯಿತು. ಅವರನ್ನು ಯಾರೂ ಕೇಳುವುದಿಲ್ಲ ಎಂದುಕೊಂಡು ನನ್ನದೆಂದೆ.' ಕಳಿಸುವ ಗುಂಡಿಯನ್ನು ಅವಳೇ ಒತ್ತಿದಳು. ಈಗಲಾದರೂ ಆ ಸಾಲು ತೆಗೆ ಎಂದರು. ಎಲ್ಲರೂ ಓದಲಿ ಆಮೇಲೆ ತೆಗೆಯುತ್ತೇನೆ ಎಂದು ಹೇಳಿ, ಕಾಯುತ್ತಿದ್ದ ಹೆಂಗಸರನ್ನು ಕರೆದಳು.

ಇಷ್ಟೂ ದಿನ ಅಪ್ಪನಿಗೆ ಏನೂ ತಿಳಿದಿರಲಿಲ್ಲ. ತಿಳಿದದ್ದು ಮುಂದಿನ ವಾರ, ಹೊಣಕೆರೆಯ ಕಡೆಯಿಂದ ಚಿಕ್ಕಬೀರಯ್ಯ ಬಂದಾಗ. ಎಂಟು ವರ್ಷದ ಹಿಂದೆ ಅವರ ಊರಿಗೆ ಉತ್ಸವಮೂರ್ತಿಯನ್ನು ಎರೆದುಕೊಟ್ಟವರು ನಾಗರಾಜಾಚಾರ್ರೇ. ಯಜಮಾನ ಚಿಕ್ಕಬೀರಯ್ಯ ಜಗುಲಿಯ ಮೇಲೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಮಡಿಸಿದ ಒಂದು ಹಾಳೆ ತೆಗೆದು ಮುಂದಿಟ್ಟರು. ಅದು ಐದನೇ ಪತ್ರ. ಅವರ ಊರಿನ ಶಾಲೆಯ ಶಿಕ್ಷಕರು ಬಳಗದಲ್ಲಿದ್ದರಂತೆ, ಅವರು ಓದಿ ಹೇಳಿದ್ದರು. ಮಣ್ಣಿನ ಹದ ತಪ್ಪಿದರೆ ಏನಾಗುತ್ತದೆ ಎಂದು ವಿವರಿಸಲು ಅಪ್ಪ ಆ ಪತ್ರದಲ್ಲಿ ತಮ್ಮದೇ ಒಂದು ತಪ್ಪನ್ನು ಬರೆಸಿದ್ದರು. ಆ ಮೂರ್ತಿಯ ಹೆಗಲ ಹಿಂದೆ ಗಾಳಿ ನಿಂತು ತೂತು ಬಿದ್ದಿತ್ತು, ಯಾರಿಗೂ ಹೇಳದೆ ಲೋಹ ತುಂಬಿ ತೇಯ್ದಿದ್ದೆ ಎಂದು.

ಆ ಸಾಲುಗಳನ್ನು ಟೈಪು ಮಾಡಿದವಳು ಸೌಮ್ಯಶ್ರೀಯೇ. ಸಿಟ್ಟಿನ ಭರದಲ್ಲಿ ಆರು ಪತ್ರಗಳನ್ನು ಆರು ಸಾಕ್ಷಿಗಳೆಂದು ಎಣಿಸಿದ್ದಳೇ ಹೊರತು ಒಳಗೇನಿದೆ ಎಂದು ಮತ್ತೆ ಓದಿರಲಿಲ್ಲ.

ಅಪ್ಪ ಹಾಳೆಯನ್ನು ಪೂರ್ತಿ ಓದಿದರು. "ನಿಜ ಯಜಮಾನ್ರೆ. ನಾನೇ ಬರ್ಸಿದ್ದು," ಎಂದರು.

"ಊರ್ನೋರಿಗೆ ಏಳ್ದೆ ಕಂಪ್ಯೂಟರ್ಗೆ ಏಳ್ದಲ್ಲಪ್ಪ ಆಚಾರಿ. ಎಂಟು ವರ್ಷ ಆ ಮೂರ್ತಿಗೆ ನಾವು ಕೈ ಮುಗ್ದಿದ್ದೀವಿ."

ಅಪ್ಪ ಎದ್ದು ನಿಂತು, ಯುಗಾದಿಯೊಳಗೆ ಇನ್ನೊಂದು ಎರೆದುಕೊಡುತ್ತೇನೆ, ಅದಕ್ಕೆ ನಿಮ್ಮಿಂದ ಏನೂ ಬೇಡ ಎಂದರು. ಚಿಕ್ಕಬೀರಯ್ಯ ತಲೆಯಾಡಿಸಿ ಹೊರಟರು. ಅವರ ಹೆಜ್ಜೆ ಸದ್ದು ಅಡಗಿದ ಮೇಲೆ ಅಪ್ಪ ಮಗಳ ಕಡೆ ತಿರುಗಿ ನಡೆದದ್ದನ್ನೆಲ್ಲ ಕೇಳಿದರು. ಅವಳು ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ.

"ಅವ್ನ ಮಾನ ತೆಗ್ಯಕ್ಕೆ ಓಗಿ ನನ್ನದನ್ನೂ ಪಕ್ಕದಲ್ಲೇ ಇಟ್ಬುಟ್ಟಲ್ಲವ್ವ."

ಐದನೆಯದು ಹಾಕಬಾರದಿತ್ತು, ತಪ್ಪಾಯಿತು ಎಂದಳು. ಮಿಕ್ಕದ್ದರ ಬಗ್ಗೆ ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ಅಪ್ಪ ಹೇಳಿಸಲೂ ಇಲ್ಲ. ಅವತ್ತೇ ಅವಳು ಅಡಿಬರಹವನ್ನು ಅಳಿಸಿದಳು. ಹನ್ನೊಂದು ದಿನವಾಗಿತ್ತು.

ಕುಲುಮೆಯ ಮನೆಯ ಬಾಗಿಲು ತೆರೆಯಿತು. ಮಣ್ಣು ತರಬೇಕಿತ್ತು. ಹೊರಡುವ ಹಿಂದಿನ ದಿನ ಅಪ್ಪ ಮೌನೇಶನಿಗೆ ಫೋನು ಮಾಡಿ, ಮೇಷ್ಟ್ರನ್ನು ಹೊಳೆ ಹತ್ತಿರ ಕರೆದುಕೊಂಡು ಬಾ ಎಂದರು. ಅಪ್ಪ ರಾಜಿಯಾಗಲು ಹೊರಟಿದ್ದಾರೆಂದು ಸೌಮ್ಯಶ್ರೀಗೆ ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರೂ ಹಾಗೆಯೇ ತಿಳಿದಿರಬೇಕು. ಕರಿಘಟ್ಟದ ಕೆಳಗೆ ಟೆಂಪೋ ನಿಲ್ಲುವ ಹೊತ್ತಿಗೆ ಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದರು, ಮುಖದಲ್ಲಿ ಸ್ವಲ್ಪ ಗೆಲುವಿತ್ತು.

ಅಪ್ಪ ಹಣ್ಣು ತೆಗೆದುಕೊಂಡು ಮೌನೇಶನ ಕೈಗೆ ಕೊಟ್ಟರು. ಒಂದು ಖಾಲಿ ಗೋಣಿಚೀಲವನ್ನೂ ಗುದ್ದಲಿಯನ್ನೂ ಮೇಷ್ಟ್ರ ಮುಂದೆ ಹಿಡಿದರು.

"ಮೊದಲ್ನೇ ಲೇಪಕ್ಕೆ ಬೇಕಾದ್ ಮಣ್ಣು ತುಂಬಿ ಮೇಷ್ಟ್ರೆ. ನೀವೇ ಬರ್ದಿದ್ದೀರಲ್ಲ, ಅಲವು ವರ್ಷ ಇಲ್ಲೇ ಇದ್ದೆ ಅಂತ."

ಮೇಷ್ಟ್ರು ನಗಲು ನೋಡಿದರು. ಅಪ್ಪ ನಗಲಿಲ್ಲ. ಮೇಷ್ಟ್ರು ಪ್ಯಾಂಟು ಮಡಿಸಿಕೊಂಡು ಇಳಿದರು, ದಡದ ಉದ್ದಕ್ಕೂ ಮೇಲೆ ಕೆಳಗೆ ಎರಡು ಸಲ ನಡೆದರು, ಬಗ್ಗಿ ಮುಟ್ಟಿದರು, ಅಪ್ಪನ ಮುಖ ನೋಡಿದರು. ಅಪ್ಪನ ಮುಖದಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಮಣ್ಣು ಹೊಳೆಯುತ್ತಿದ್ದ ಒಂದು ಕಡೆ ಅಗೆದು ತುಂಬತೊಡಗಿದರು. ಅದು ಬರೀ ಮರಳುಮಣ್ಣು ಎಂದು ಸೌಮ್ಯಶ್ರೀಗೂ ಗೊತ್ತಿತ್ತು. ಅಪ್ಪ ಸಾಕು ಎನ್ನಲಿಲ್ಲ. ಚೀಲ ತುಂಬುವ ತನಕ ನಿಂತು ನೋಡಿದರು. ಮೌನೇಶ್ ಕೈ ಕೊಡಲು ಹೋದಾಗ ಕಣ್ಣಲ್ಲೇ ತಡೆದರು. ಅರವತ್ತೇಳು ವರ್ಷದ ಮೇಷ್ಟ್ರು ಆ ಚೀಲವನ್ನು ಅಪ್ಪಿಕೊಂಡು, ಎರಡು ಕಡೆ ಇಳಿಸಿ, ಉಸಿರು ಬಿಡುತ್ತಾ ಟೆಂಪೋ ತನಕ ಹೊತ್ತು ತಂದರು. ಅಪ್ಪ ಅದರ ಬಾಯಿ ಬಿಚ್ಚಿ, ಒಂದು ಹಿಡಿ ತೆಗೆದು ಉಜ್ಜಿ ನೋಡಿ, ಚೀಲವನ್ನು ರಸ್ತೆಯ ಬದಿಗೆ ಬೋರಲು ಹಾಕಿದರು. ಆಮೇಲೆ ಹೊಂಗೆ ಮರದ ಬುಡದಿಂದ ಹತ್ತು ಮಾರು ದೂರಕ್ಕೆ ನೇರ ನಡೆದು, ಮೇಲಿನ ಪದರ ಕೈಯಲ್ಲಿ ಸರಿಸಿ, ಕೆಳಗಿನ ಕಪ್ಪು ಗೋಡನ್ನು ತುಂಬಿಕೊಂಡು ಬಂದರು.

"ಇದು," ಎಂದರು.

ಮೇಷ್ಟ್ರು ಒದ್ದೆ ಕಾಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ತನ್ನ ಹನ್ನೊಂದು ದಿನಗಳಿಗಿಂತ ಅಪ್ಪನ ಈ ಒಂದು ಗಂಟೆ ದೊಡ್ಡದು ಎಂದು ಸೌಮ್ಯಶ್ರೀಗೆ ಅನ್ನಿಸಿತು. ಅಷ್ಟು ವರ್ಷ ಬುಡು ಬುಡು ಎನ್ನುತ್ತಿದ್ದ ಮನುಷ್ಯ ಏನನ್ನೂ ಬಿಟ್ಟಿರಲಿಲ್ಲ.

ಅವಳು ಟೆಂಪೋ ಹತ್ತಿ ಅಪ್ಪನ ಪಕ್ಕ ಕೂತಳು. ಪಾಲಹಳ್ಳಿ ಕಡೆಯಲ್ಲಿ ಒಳ್ಳೆಯ ಹೊಟ್ಟು ಸಿಗುತ್ತದೆ, ಹಾಗೇ ಹೋಗಿ ಎರಡು ಮೂಟೆ ಹಾಕಿಕೊಂಡು ಹೋಗೋಣ ಎಂದು ಅಪ್ಪ ಡ್ರೈವರಿಗೆ ಹೇಳಿದರು.